ಏಳರಿಂದ ಎಂಟಕ್ಕೆ ಬರುವ ಮಗುವಿನ ಜತೆ ಟಿ.ಸಿ. ಒಂದೇ ಬಂದರೆ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಮಂಡ್ಯ ಜಿಲ್ಲೆಯ ಹಳ್ಳಿಗಳ ಬಹಳಷ್ಟು ಮಕ್ಕಳು ಏಳನೇ ತರಗತಿವರೆಗೆ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿ, ಎಂಟಕ್ಕೆ ಹೋಬಳಿಯ ಪ್ರೌಢಶಾಲೆಗೆ ಸೇರುತ್ತಾರೆ. ಸೇರುವಾಗ ಅವರ ಜತೆ ಬರುವುದು ವರ್ಗಾವಣೆ ಪತ್ರ, ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿ. ಒಬ್ಬನಿಗೆ ಎಡಗಿವಿ ಕೇಳಿಸದು. ಒಬ್ಬಳಿಗೆ ಆಗಾಗ ಫಿಟ್ಸ್ ಬರುತ್ತದೆ. ಇನ್ನೊಬ್ಬ ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ, ಬರೆಯೆಂದರೆ ಪೆನ್ನು ಕಚ್ಚುತ್ತಾ ಕೂರುತ್ತಾನೆ. ಮತ್ತೊಬ್ಬಳು ತಂದೆ ತೀರಿಕೊಂಡ ಮೇಲೆ ಅಜ್ಜಿಮನೆಯಲ್ಲಿದ್ದಾಳೆ. ಇವೆಲ್ಲ ಏಳು ವರ್ಷ ಕಲಿಸಿದ ಮೇಷ್ಟ್ರ ತಲೆಯಲ್ಲೇ ಉಳಿದುಹೋಗುತ್ತವೆ.

ಪ್ರಾಥಮಿಕ ಶಾಲೆಯಲ್ಲಿ ಮಗುವಿನ ಹಿಂದುಮುಂದು ಗೊತ್ತಿರುವ ಒಬ್ಬರಾದರೂ ದಿನವಿಡೀ ಕಣ್ಣೆದುರಿಗಿರುತ್ತಾರೆ. ಪ್ರೌಢಶಾಲೆಯಲ್ಲಿ ವಿಷಯಕ್ಕೊಬ್ಬರು, ಪೀರಿಯಡ್ಡಿಗೊಬ್ಬರು. ಕನ್ನಡದವರಿಗೆ ಅವನ ಬರವಣಿಗೆ ಗೊತ್ತು, ಗಣಿತದವರಿಗೆ ಲೆಕ್ಕದಲ್ಲಿ ಎಲ್ಲಿ ಎಡವುತ್ತಾನೆಂದು ಗೊತ್ತು, ಊಟ ಬಡಿಸುವ ಅಕ್ಕನಿಗೆ ಅವನು ವಾರದಿಂದ ತಟ್ಟೆ ಹಿಡಿದಿಲ್ಲವೆಂದು ಗೊತ್ತು. ಈ ಮೂರೂ ಸಂಗತಿ ಒಂದೆಡೆ ಕೂಡುವುದೇ ಇಲ್ಲ. ಕೂಡುವ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ನೋಂದಣಿ ಬಂದಿರುತ್ತದೆ. ಅಲ್ಲಿಂದ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಿಸುವ ವೈಕಲ್ಯ ಪ್ರಮಾಣಪತ್ರಕ್ಕಾಗಿ ಓಟ, ಪೋಷಕರ ಕಣ್ಣೀರು, ಮುಖ್ಯಶಿಕ್ಷಕರ ಗಾಬರಿ. ನಾವು ಕೇಳುತ್ತಿರುವುದು ಇಷ್ಟೇ: ಈ ಕೆಲಸ ಹತ್ತನೇ ತರಗತಿಯ ಚಳಿಗಾಲದಲ್ಲಿ ಶುರುವಾಗುವ ಬದಲು ಎಂಟನೇ ತರಗತಿಯ ಜೂನ್‌ನಲ್ಲಿ ಶುರುವಾಗಲಿ.

ಕಾನೂನಿನ ಬೆಂಬಲಕ್ಕೆ ಕೊರತೆಯಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಕಲಿಕಾ ನ್ಯೂನತೆ (ಬುದ್ಧಿ ಸರಿಯಿದ್ದೂ ಓದು-ಬರಹ ಹತ್ತದಿರುವುದು), ಆಟಿಸಂ, ಮಾನಸಿಕ ಕಾಯಿಲೆ ಸೇರಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಪ್ರೌಢ ಹಂತದಲ್ಲಿ ಇಂಥ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. 2025ರ ಜುಲೈ 25ರ ತೀರ್ಪಿನಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಆಪ್ತಸಮಾಲೋಚಕರೋ ಮನೋವಿಜ್ಞಾನಿಯೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜತೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು, ಸಿಬ್ಬಂದಿಗೆ ವರ್ಷಕ್ಕೆರಡು ಬಾರಿ ತರಬೇತಿ ಆಗಬೇಕು ಎಂದಿದೆ. ತಾಲ್ಲೂಕಿನ ಬಿಆರ್‌ಸಿಯಲ್ಲಿರುವ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರು ಇಡೀ ತಾಲ್ಲೂಕಿನ ಶಾಲೆಗಳನ್ನೂ ಮನೆಯಲ್ಲೇ ಕಲಿಯುವ ಮಕ್ಕಳನ್ನೂ ನೋಡಿಕೊಳ್ಳುವಾಗ ಈ ಅನುಪಾತ ಕಾಗದದಲ್ಲೇ ಉಳಿಯುತ್ತದೆ. ಹುದ್ದೆ ತುಂಬಿಸಿ ಎಂದು ಒತ್ತಾಯಿಸುತ್ತಲೇ, ಶಾಲೆಯ ಕೈಯಲ್ಲಿ ಇವತ್ತೇ ಆಗುವ ಕೆಲಸಗಳನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲನೆಯದು ಅರ್ಧ ಹಾಳೆಯ ಹಸ್ತಾಂತರ ಪತ್ರ. ಏಳನೇ ತರಗತಿಯ ಶಿಕ್ಷಕರು ಪ್ರತಿ ಮಗುವಿಗೂ ಐದು ಸಾಲು ಬರೆಯಲಿ: ಕಣ್ಣು-ಕಿವಿ, ಕಾಯಿಲೆ ಮತ್ತು ಮಾತ್ರೆ, ಓದು-ಬರಹದ ನಿಜಸ್ಥಿತಿ, ಮನೆಯಲ್ಲಿ ಯಾರಿದ್ದಾರೆ ಮತ್ತು ಯಾರಿಗೆ ಫೋನ್ ಮಾಡಬೇಕು, ಮಗುವಿಗೆ ಯಾವುದರಲ್ಲಿ ಖುಷಿ. ಕೊನೆಯ ಸಾಲನ್ನು ಬಿಡಬಾರದು. ಹೊಸ ಶಾಲೆಯಲ್ಲಿ ಮಾತು ಶುರುವಾಗುವುದೇ ಅಲ್ಲಿಂದ. ಪೋಷಕರಿಗೆ ಓದಿ ಹೇಳಿ ಸಹಿ ಹಾಕಿಸಿ, ಲಕೋಟೆಯಲ್ಲಿ ಪ್ರೌಢಶಾಲೆಯ ಮುಖ್ಯಶಿಕ್ಷಕರ ಕೈಗೆ ಕೊಡಬೇಕು. ಬೀರುವಿನ ಬೀಗದೊಳಗೆ ಇರಬೇಕು. ಇದೇ ಮಾಹಿತಿಯನ್ನು ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮಾರನೇ ದಿನದಿಂದ ಆ ಮಗುವಿಗೆ ಅಡ್ಡಹೆಸರು ಬೀಳುತ್ತದೆ.

ಎರಡನೆಯದು ಕಣ್ಣು ಮತ್ತು ಕಿವಿ. ದಡ್ಡ ಎನಿಸಿಕೊಂಡ ಎಷ್ಟೋ ಮಕ್ಕಳಿಗೆ ಬೋರ್ಡೇ ಕಾಣುತ್ತಿರುವುದಿಲ್ಲ. ವರಾಂಡದಲ್ಲಿ ಟೇಪ್ ಹಿಡಿದು 6 ಮೀಟರ್ ಅಳೆದು ಗೆರೆ ಎಳೆಯಿರಿ. ಗೆರೆಯ ಮೇಲೆ ಮಗುವನ್ನು ನಿಲ್ಲಿಸಿ, ಬೆಳಕು ಬೀಳುವ ಕಡೆ ಇಂಗ್ಲಿಷಿನ 'ಇ' (E) ಅಕ್ಷರದ ಕಾರ್ಡನ್ನು ಅದರ ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದೊಂದೇ ಕಣ್ಣು ಪರೀಕ್ಷಿಸಿ. ಕಣ್ಣನ್ನು ಬೊಗಸೆಯಂತೆ ಬಗ್ಗಿಸಿದ ಅಂಗೈಯಲ್ಲಿ ಮುಚ್ಚಲಿ, ಒತ್ತಬಾರದು; ಒತ್ತಿದರೆ ಆ ಕಣ್ಣಿನ ಸರದಿ ಬಂದಾಗ ಮಂಜು ಮಂಜಾಗಿ ಕಂಡು ಫಲಿತಾಂಶ ತಪ್ಪುತ್ತದೆ. ಕಾರ್ಡಿನಲ್ಲಿ 6/9 ಎಂದು ಗುರುತಿಸಿದ ಸಾಲು ಯಾವ ಕಣ್ಣಿಗೆ ಕಾಣದಿದ್ದರೂ ಹೆಸರು ಬರೆದುಕೊಳ್ಳಿ. ಸಾಲಿನಲ್ಲಿ ನಿಂತ ಮಕ್ಕಳು ಕೇಳಿಸಿಕೊಂಡು ಬಾಯಿಪಾಠ ಹೇಳುತ್ತಾರೆ, ಆದ್ದರಿಂದ ಪ್ರತಿಯೊಬ್ಬರಿಗೂ ಕಾರ್ಡ್ ತಿರುಗಿಸಬೇಕು. ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣಾ ಯೋಜನೆ) ವೈದ್ಯರ ತಂಡ ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ಅವರು ಬಂದ ದಿನ ಈ ಪಟ್ಟಿ ಕೈಯಲ್ಲಿದ್ದರೆ ಕೆಲಸ ಸಾಗುತ್ತದೆ. ಇಲ್ಲದಿದ್ದರೆ ತೂಕ, ಎತ್ತರ ಬರೆಯುವುದರಲ್ಲೇ ಮಧ್ಯಾಹ್ನ ಮುಗಿಯುತ್ತದೆ. ಕನ್ನಡಕ ಬಂದಮೇಲೂ ತಿಂಗಳಿಗೊಮ್ಮೆ ನೋಡಿ. ಬ್ಯಾಗಿನಲ್ಲೇ ಇದ್ದರೆ ಯಾರೋ ಗೇಲಿ ಮಾಡಿದ್ದಾರೆಂದೇ ಅರ್ಥ.

ಕಿವಿಯ ಲಕ್ಷಣ ಬೇರೆ. ಕರೆದಾಗ ಒಂದೇ ಪಕ್ಕಕ್ಕೆ ಕತ್ತು ಹೊರಳಿಸುವುದು, ತುಟಿಯನ್ನೇ ನೋಡುವುದು, ಉಕ್ತಲೇಖನದಲ್ಲಿ ಪದದ ಕೊನೆ ಬಿಟ್ಟುಬಿಡುವುದು, ಶೀಟಿನ ಛಾವಣಿಯ ಮೇಲೆ ಮಳೆ ಬಿದ್ದಾಗ ಪೂರ್ತಿ ಮಂಕಾಗುವುದು. ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡಬೇಡಿ ಎಂದು ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಕಳಿಸಬೇಕು. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಪಕ್ಕದಲ್ಲೇ ಇದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ, ಪಾಂಡವಪುರದ ಮಗು ಮಾತ್ರ ಹೋಗಿರುವುದಿಲ್ಲ.

ಕಣ್ಣು, ಕಿವಿ ಸರಿಯಿದ್ದೂ ಓದಲಾಗದಿದ್ದರೆ ಮುಂದಿನ ಹೆಜ್ಜೆ. ಏಳನೇ ತರಗತಿ ಮಟ್ಟದ, ಮಗು ಹಿಂದೆ ಓದಿರದ ನೂರು ಪದಗಳ ಎರಡು ಭಾಗ ಆರಿಸಿಕೊಳ್ಳಿ. ಒಂದನ್ನು ಮಗುವೇ ಗಟ್ಟಿಯಾಗಿ ಓದಿ ಐದು ಪ್ರಶ್ನೆಗೆ ಉತ್ತರ ಹೇಳಲಿ. ಇನ್ನೊಂದನ್ನು ನೀವು ಓದಿ ಹೇಳಿ ಐದು ಪ್ರಶ್ನೆ ಕೇಳಿ. ಕೇಳಿದ್ದು ಚೆನ್ನಾಗಿ ಅರ್ಥವಾಗಿ, ಓದಿದ್ದು ಮಾತ್ರ ಆಗದಿದ್ದರೆ ಕಲಿಕಾ ನ್ಯೂನತೆಯ ಅನುಮಾನ ಬರಬೇಕು. ಎರಡೂ ಆಗದಿದ್ದರೆ ಕಾರಣ ಬೇರೆ ಇರಬಹುದು: ಮನೆಮಾತು ಉರ್ದುವೋ ತಮಿಳೋ ಜೇನುಕುರುಬರ ನುಡಿಯೋ, ಹಿಂದಿನ ತರಗತಿಗಳಲ್ಲಿ ತಿಂಗಳುಗಟ್ಟಲೆ ಗೈರುಹಾಜರಿಯೋ, ಒಟ್ಟಾರೆ ಗ್ರಹಿಕೆ ನಿಧಾನವೋ ನೋಡಬೇಕು.

ಕನ್ನಡದಲ್ಲಿ ಈ ತೊಂದರೆ ಎಲ್ಲಿ ಕಾಣುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಇಲ್ಲಿ ತಪ್ಪು ಅಂದಾಜು ಬಹಳ. 'ಹಸು'ವನ್ನು 'ಅಸು' ಎನ್ನುವುದು, 'ಶಾಲೆ'ಯನ್ನು 'ಸಾಲೆ' ಎನ್ನುವುದು, ಮಹಾಪ್ರಾಣ ಬಿಡುವುದು ನಮ್ಮ ಸೀಮೆಯ ಆಡುಮಾತು. ಅದು ನ್ಯೂನತೆಯಲ್ಲ. ಅದನ್ನು ಹಿಡಿದು ಮಗುವನ್ನು ಹಂಗಿಸಲೂಬಾರದು. ನೋಡಬೇಕಾದದ್ದು ಬೇರೆ. ಒತ್ತಕ್ಷರ ಬಂದಲ್ಲೆಲ್ಲ ಒತ್ತನ್ನೇ ನುಂಗುವುದು, ಕೊಂಬು, ಏತ್ವ, ಓತ್ವ ಅದಲುಬದಲಾಗುವುದು, 'ಪ-ಷ', 'ದ-ಧ', 'ಮ-ಯ' ಎಂಟನೇ ತರಗತಿಯಲ್ಲೂ ಕಲಸಿಹೋಗುವುದು, ಉದ್ದ ಪದದ ಮೊದಲೆರಡು ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು, ಸಾಲು ತಪ್ಪುವುದು. 'ಸೂರ್ಯ' ಪದದಲ್ಲಿ ಅರ್ಕಾವತ್ತು ಬರೆಯುವುದು ಕೊನೆಗೆ, ನುಡಿಯುವುದು ಮೊದಲಿಗೆ. ಈ ಹಿಂದುಮುಂದು ಎಲ್ಲ ಮಕ್ಕಳಿಗೂ ಮೂರು-ನಾಲ್ಕನೇ ತರಗತಿಯಲ್ಲಿ ತೊಡಕೇ. ಹದಿಮೂರು ವರ್ಷಕ್ಕೂ ಬಿಡದಿದ್ದರೆ, ಅದೂ ಒಂದೇ ಪುಟದಲ್ಲಿ ಒಮ್ಮೆ ಸರಿ ಒಮ್ಮೆ ತಪ್ಪಾಗಿ ಬರುತ್ತಿದ್ದರೆ, ಸೋಮಾರಿತನ ಎಂದು ಬೈಯುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಪ್ರಮಾಣಪತ್ರದ ದಾರಿ ಹೀಗಿದೆ. ಮಕ್ಕಳ ತಜ್ಞರು ಕಣ್ಣು, ಕಿವಿ, ನರಸಂಬಂಧಿ ತೊಂದರೆ ನೋಡುತ್ತಾರೆ. ಮನೋವಿಜ್ಞಾನಿ ಬುದ್ಧಿಮಟ್ಟದ ಪರೀಕ್ಷೆಯನ್ನೂ, ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆಯನ್ನೂ ಮಾಡುತ್ತಾರೆ. ಕೇಂದ್ರದ ಮಾರ್ಗಸೂಚಿಯಂತೆ 8 ವರ್ಷ ತುಂಬಿದ ಮೇಲಷ್ಟೇ ಪ್ರಮಾಣಪತ್ರ. 14 ಮತ್ತು 18ನೇ ವಯಸ್ಸಿಗೆ ಮರುಪರೀಕ್ಷೆ. ಐದನೇ ತರಗತಿಯಲ್ಲಿ ಮಾಡಿಸಿದ ಪತ್ರವನ್ನು ಜೋಪಾನ ಮಾಡಿಟ್ಟು ಎಸ್‌ಎಸ್‌ಎಲ್‌ಸಿಗೆ ತಂದು, ಅದು ನಡೆಯದು ಎನಿಸಿಕೊಂಡು ಬರಿಗೈಲಿ ಮರಳುವ ಪೋಷಕರಿದ್ದಾರೆ. ಎಂಟು-ಒಂಬತ್ತನೇ ತರಗತಿಯಲ್ಲೇ, 14 ತುಂಬುತ್ತಿದ್ದಂತೆ ಮಾಡಿಸುವುದು ಇದಕ್ಕಾಗಿಯೇ ಸರಿಯಾದ ಕಾಲ. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕುವ ಮುಂಚೆ ಆಧಾರ್, ಸ್ಯಾಟ್ಸ್ ದಾಖಲೆ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಜನನ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಇನಿಷಿಯಲ್, ಜನ್ಮದಿನಾಂಕ ತಾಳೆ ನೋಡಿ. ಒಂದು ಕಡೆ 'ಎಂ.' ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಮುಂದೆ ತಕರಾರು ಬರುತ್ತದೆ. ಮೊದಲು ತಿದ್ದುಪಡಿ, ಆಮೇಲೆ ಅರ್ಜಿ. ವೈಕಲ್ಯ ಶೇ 40ಕ್ಕಿಂತ ಕಡಿಮೆ ಬಂತೆಂದು ಕೈಬಿಡುವುದೂ ಬೇಡ. ಬರೆಯಲು ನಿಜವಾಗಿ ಕಷ್ಟವಿರುವವರಿಗೆ ಲಿಪಿಕಾರರನ್ನು (ಮಗು ಹೇಳಿದ ಉತ್ತರ ಬರೆದುಕೊಡುವವರನ್ನು) ಕೊಡುವ ಬಗ್ಗೆ ಕೇಂದ್ರದ ಮಾರ್ಗಸೂಚಿ ಇದೆ.

ರಿಯಾಯಿತಿ ಮಂಜೂರಾದರೆ ಮುಗಿಯಿತೆಂದು ತಿಳಿಯುವುದೇ ದೊಡ್ಡ ತಪ್ಪು. ಕೇಂದ್ರದ ಮಾರ್ಗಸೂಚಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡುತ್ತದೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ನಾಲ್ಕು ಗಂಟೆ ಕೂತು ರೂಢಿಯಿಲ್ಲದ ಮಗು ಮೂರನೇ ಗಂಟೆಗೇ ಸೋತು ಕಾಗದ ಕೊಟ್ಟು ಬರುತ್ತದೆ. ಲಿಪಿಕಾರರ ವಿಷಯದಲ್ಲೂ ಅಷ್ಟೆ. ಪರೀಕ್ಷೆಯ ಬೆಳಿಗ್ಗೆ ಮೊದಲ ಬಾರಿ ಮುಖ ನೋಡಿದವರಿಗೆ ಮಗು ಏನು ಹೇಳೀತು? ಉತ್ತರವನ್ನು ವಾಕ್ಯ ಮಾಡಿ ಹೇಳುವುದು, 'ಇಲ್ಲಿ ಪೂರ್ಣವಿರಾಮ, ಹೊಸ ಸಾಲು' ಎನ್ನುವುದು, ಬೀಜಗಣಿತದಲ್ಲಿ ಆವರಣ ಎಲ್ಲಿ ತೆರೆದು ಎಲ್ಲಿ ಮುಚ್ಚುತ್ತದೆಂದು ಬಾಯಲ್ಲಿ ಹೇಳುವುದು ಕಲಿತೇ ಬರಬೇಕಾದ ವಿದ್ಯೆ. ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಎಂಟನೇ ತರಗತಿಯ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ ಅಭ್ಯಾಸ ಮಾಡಿಸಿ. ಅರ್ಹ ಮಕ್ಕಳಿಗೆ ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ಅಥವಾ ಸಂಗೀತ ತೆಗೆದುಕೊಳ್ಳುವ ಅವಕಾಶವೂ ಉಂಟು; ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲೇ ಅವು ಅಚ್ಚಾಗಿರುತ್ತವೆ. ಆದರೆ ಅದರಿಂದ ಪಿಯುಸಿ ವಿಜ್ಞಾನ, ಡಿಪ್ಲೊಮಾದ ದಾರಿ ಕಿರಿದಾಗುತ್ತದೆ. ಪೋಷಕರನ್ನು ಕೂರಿಸಿ ಇದನ್ನು ಸ್ಪಷ್ಟವಾಗಿ ಹೇಳದೆ ಶಾಲೆಯ ಫಲಿತಾಂಶ ಹೆಚ್ಚಿಸಿಕೊಳ್ಳಲು ವಿಷಯ ಬದಲಿಸುವುದು ಅನ್ಯಾಯ.

ಇನ್ನು ತರಗತಿ ಶಿಕ್ಷಕರ ಕೆಲಸ. ಹಾಜರಿ ಕೂಗುವುದಷ್ಟೇ ತರಗತಿ ಶಿಕ್ಷಕರ ಕೆಲಸವಾಗಿಬಿಟ್ಟಿದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ 20 ನಿಮಿಷ ಎಲ್ಲ ಶಿಕ್ಷಕರೂ ಒಂದು ನೋಟ್‌ಬುಕ್ಕಿನ ಸುತ್ತ ಕೂರಲಿ. ಯಾವ ಮಗು, ಏನು ಬದಲಾಗಿದೆ, ಯಾರು ಮಾತಾಡುತ್ತಾರೆ, ಯಾವ ದಿನದೊಳಗೆ ಎಂಬ ನಾಲ್ಕು ಕಲಂ ಸಾಕು. 'ಯಾರು' ಎಂಬ ಕಲಂ ಖಾಲಿ ಬಿಟ್ಟರೆ ಮುಂದಿನ ಶನಿವಾರ ಅದೇ ಹೆಸರು ಮತ್ತೆ ಬರುತ್ತದೆ. ಮೂರು ದಿನ ಹೇಳದೆ ಗೈರಾದರೆ ಮನೆಗೆ ಫೋನ್. ಹಗಲು ಹೊತ್ತು ಮಾಡಿ ಪ್ರಯೋಜನವಿಲ್ಲ. ಮದ್ದೂರು, ಶ್ರೀರಂಗಪಟ್ಟಣ ಕಡೆಯ ಎಷ್ಟೋ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವಂತಿಲ್ಲ. ಸಂಜೆ ಏಳರ ಮೇಲೆ ಸಿಗುತ್ತಾರೆ. ಪೋಷಕರ ಸಭೆಯನ್ನು ವಾರದ ನಡುವೆ ಹನ್ನೊಂದು ಗಂಟೆಗೆ ಕರೆದು 'ಯಾರೂ ಬರಲಿಲ್ಲ' ಎಂದು ಬರೆದುಕೊಳ್ಳುವ ಬದಲು ಭಾನುವಾರ ಬೆಳಿಗ್ಗೆ ಕರೆಯಬಹುದು.

ಗೈರು ಮತ್ತು ತೂಕಡಿಕೆಗೆ ಊರಿನ ಲೆಕ್ಕವೂ ಗೊತ್ತಿರಬೇಕು. ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಗೂಡಿಗೆ ಬರುವ ತನಕ ಸುಮಾರು ಒಂದು ವಾರ. ಇಡೀ ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲನ್ನು ಆ ಒಂದೇ ವಾರದಲ್ಲಿ ತಿನ್ನುತ್ತದೆ. ನಡುರಾತ್ರಿಯೂ ಸೊಪ್ಪು ಹಾಕಬೇಕು, ಮನೆಯ ಪ್ರತಿ ಕೈಯೂ ಬೇಕು. ಆ ವಾರ ಮಳವಳ್ಳಿಯ ಹುಡುಗ ಎರಡನೇ ಪೀರಿಯಡ್ಡಿನಲ್ಲಿ ಬೆಂಚಿಗೆ ತಲೆಯಿಟ್ಟರೆ ಎದ್ದು ನಿಲ್ಲಿಸುವ ಅಗತ್ಯವಿಲ್ಲ. ಕಿರುಪರೀಕ್ಷೆಯನ್ನು ಅವನಿಗೆ ನಾಲ್ಕು ದಿನ ಮುಂದೂಡಿದರೆ ಸಾಕು. ಬೆಳೆ ಮುಗಿದು ಹದಿನೈದು ದಿನವಾದರೂ ಅದೇ ಮಂಕು ಇದ್ದರೆ ಮಾತ್ರ ಅದು ಬೇರೆ ವಿಷಯ. ಆಗ ನೋಟ್‌ಬುಕ್ಕಿಗೆ ಹೆಸರು ಬರಲಿ. ಹುಡುಗಿಯರು ತಿಂಗಳಲ್ಲಿ ಎರಡು-ಮೂರು ದಿನ ತಪ್ಪದೆ ಗೈರಾಗುತ್ತಿದ್ದರೆ ಬುದ್ಧಿವಾದ ಹೇಳುವ ಮುನ್ನ ಶೌಚಾಲಯದ ಚಿಲಕ, ನೀರು, ಮುಚ್ಚಳದ ಬುಟ್ಟಿ ನೋಡಿ.

ಕಬ್ಬಿಣಾಂಶದ ನೀಲಿ ಮಾತ್ರೆಯ ಮಾತೂ ಇಲ್ಲೇ ಬರುತ್ತದೆ. ವಾರಕ್ಕೊಂದು, 60 ಮಿಲಿಗ್ರಾಂ. ಪ್ರಾರ್ಥನೆ ಮುಗಿದ ಕೂಡಲೇ ಖಾಲಿ ಹೊಟ್ಟೆಗೆ ಕೊಟ್ಟರೆ ಇಬ್ಬರು ವಾಂತಿ ಮಾಡುತ್ತಾರೆ, ಮುಂದಿನ ವಾರ ಇಡೀ ತರಗತಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತದೆ. ಬಿಸಿಯೂಟ ಆದಮೇಲೆ, ಎದುರಿಗೇ ನುಂಗಿಸಬೇಕು. ಮಲ ಕಪ್ಪಾಗುತ್ತದೆಂದು ಮೊದಲೇ ಹೇಳಿದರೆ ಗಾಬರಿ ಇರದು.

ಫಿಟ್ಸ್ ಬಂದಾಗ ಕೈಗೆ ಕೀಲಿಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಇನ್ನೂ ನಡೆದೇ ಇದೆ. ಎರಡೂ ಬೇಡ. ಗಡಿಯಾರ ನೋಡಿ, ಸುತ್ತಲಿನ ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಅದುರುವುದು ನಿಲ್ಲುತ್ತಲೇ ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108. ಎಚ್ಚರವಾದಾಗ ಬಟ್ಟೆ ಒದ್ದೆಯಾಗಿರಬಹುದು. ಅಷ್ಟರಲ್ಲಿ ಉಳಿದ ಮಕ್ಕಳನ್ನು ಹೊರಗೆ ಕಳಿಸಿರಬೇಕು, ಒಂದು ಜೊತೆ ಬಟ್ಟೆ ಶಾಲೆಯಲ್ಲಿರಬೇಕು. ಫಿಟ್ಸ್‌ಗಿಂತ ಆ ನಾಚಿಕೆಗೇ ಶಾಲೆ ಬಿಟ್ಟ ಮಕ್ಕಳುಂಟು.

ಅತಿ ಕಷ್ಟದ ಎರಡು ಸಂದರ್ಭಗಳಿವೆ. ಒಂದು, ಮಗು ಬದುಕು ಸಾಕೆಂಬ ಮಾತಾಡಿದಾಗ, ಇಲ್ಲವೇ ಪ್ರೀತಿಯ ವಸ್ತುಗಳನ್ನೆಲ್ಲ ಗೆಳೆಯರಿಗೆ ಕೊಟ್ಟು ಒಮ್ಮೆಗೇ ಸುಮ್ಮನಾದಾಗ. ನೇರವಾಗಿ ಕೇಳಬೇಕು: 'ಸಾಯಬೇಕು ಅಂತ ಅನ್ನಿಸ್ತಿದೆಯಾ?' ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ಸುಳ್ಳು. ಕೇಳಿದರೆ ಮಗುವಿಗೆ ಎದೆ ಹಗುರಾಗುತ್ತದೆ. ಹೌದೆಂದರೆ ಆ ಕ್ಷಣದಿಂದ ಒಂಟಿಯಾಗಿ ಬಿಡಬಾರದು, ಒಂಟಿಯಾಗಿ ಮನೆಗೂ ಕಳಿಸಬಾರದು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. 'ನಿನ್ನನ್ನು ಉಳಿಸಿಕೊಳ್ಳಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ' ಎನ್ನಿ. ಮನೆಯವರನ್ನು ಕರೆಸಿ, ಬೆಳೆಗೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳನ್ನು ಇವತ್ತೇ ಬೀಗದೊಳಗೆ ಇಡಲು ಹೇಳಿ. ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹಿಂದಿನ ದಿನವೇ ಅನುಮಾನವಿರುವ ಮಕ್ಕಳಿಗೆ ಶಿಕ್ಷಕರು ಫೋನ್ ಮಾಡಲಿ: ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು, ಅರ್ಜಿ ನಾವೇ ಹಾಕಿಸುತ್ತೇವೆ ಎಂದು.

ಇನ್ನೊಂದು, ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯ ಹೇಳಿಕೊಂಡಾಗ. ಮಗುವಿನ ಮಾತನ್ನು ಅದರದೇ ಪದಗಳಲ್ಲಿ ದಿನಾಂಕ ಹಾಕಿ ಬರೆದಿಡಿ. ತನಿಖೆ ಮಾಡುವುದು ನಮ್ಮ ಕೆಲಸವಲ್ಲ, ಹತ್ತು ಜನರ ಮುಂದೆ ಮತ್ತೆ ಮತ್ತೆ ಹೇಳಿಸಕೂಡದು. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ 6 ತಿಂಗಳವರೆಗೆ, ಕೈಕೆಳಗಿನವರ ತಪ್ಪನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆ. ಮಕ್ಕಳ ಸಹಾಯವಾಣಿ 1098. ಊರ ಯಜಮಾನರ ಮುಂದೆ ರಾಜಿ ಪಂಚಾಯ್ತಿಗೆ ಒಪ್ಪುವ ಶಾಲೆ ಆ ಮಗುವಿಗೆ ಎರಡನೇ ಬಾರಿ ದ್ರೋಹ ಮಾಡಿದಂತೆ.

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಶಿಕ್ಷಣ ಇಲಾಖೆ ಉಪನಿರ್ದೇಶಕರಲ್ಲಿ ನಮ್ಮ ಬೇಡಿಕೆ ನಾಲ್ಕು. ಹಸ್ತಾಂತರ ಪತ್ರದ ಒಂದೇ ನಮೂನೆ ಹೊರಡಿಸಿ, ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾಗುವ ಮುನ್ನ ತುಂಬಿಸಿ. ಶನಿವಾರದ ಆ 20 ನಿಮಿಷವನ್ನು ವೇಳಾಪಟ್ಟಿಯಲ್ಲೇ ನಮೂದಿಸಿ. ಇಲ್ಲದಿದ್ದರೆ ಅದನ್ನು ಯಾವುದೋ ಆನ್‌ಲೈನ್ ಮಾಹಿತಿ ತುಂಬುವ ಕೆಲಸ ನುಂಗುತ್ತದೆ. ಪ್ರತಿ ಶಾಲೆಗೂ ಆಪ್ತಸಮಾಲೋಚಕರು ಸಿಗುವ ತನಕ, ಕ್ಲಸ್ಟರಿಗೊಬ್ಬರನ್ನು ನೇಮಿಸಿ ವಾರದ ಇಂಥದೇ ದಿನ ಇಂಥದೇ ಶಾಲೆ ಎಂದು ಗೊತ್ತುಮಾಡಿ. ಬರುವ ದಿನ ಗೊತ್ತಿಲ್ಲದವರ ಹತ್ತಿರ ಯಾವ ಮಗುವೂ ಮನಸ್ಸು ಬಿಚ್ಚದು. ಹಾಗೆಯೇ, ಎಂಟನೇ ತರಗತಿಯ ಮಕ್ಕಳ ತಪಾಸಣೆ ಮತ್ತು ಪ್ರಮಾಣಪತ್ರಕ್ಕಾಗಿ ತಾಲ್ಲೂಕಿಗೊಂದು ಶಿಬಿರವನ್ನು ಆಗಸ್ಟ್‌ನೊಳಗೆ ನಡೆಸಿ, ಮನೋವಿಜ್ಞಾನಿ ಅಲ್ಲಿಗೇ ಬರುವಂತೆ ಮಾಡಿ. ನಾಗಮಂಗಲದ ಮೂಲೆಯ ಹಳ್ಳಿಯಿಂದ ಕೂಲಿ ಬಿಟ್ಟು ಮಗುವನ್ನು ಮೂರು ಸಲ ಮೈಸೂರಿಗೆ ಕರೆತನ್ನಿ ಎಂದರೆ ಎರಡನೇ ಸಲಕ್ಕೇ ನಿಂತುಹೋಗುತ್ತದೆ.

ಇತಿ,
ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಕೆಲವು ಪ್ರೌಢಶಾಲಾ ಶಿಕ್ಷಕರು ಹಾಗೂ ವಿಶೇಷ ಶಿಕ್ಷಕರು